ದಿವಂಗತ ಪಿಟೀಲು

ಮಾರ್ಚ್ ೩

ಮಾನ್ಯ ದಾನಿಗಳೇ,

ತಾವು ನಮ್ಮ ಸಲಕರಣೆ ಬಳಗಕ್ಕೆ ಕಳಿಸಿದ ಹಣ ತಲುಪಿತು. ಅದರಲ್ಲಿ ಒಂದು ಹೊಸ ಗಾಲಿಕುರ್ಚಿ ಕೊಂಡಿದ್ದೇವೆ. ಹೊಸದು ಎಂದು ಒತ್ತಿ ಹೇಳಲು ಕಾರಣವಿದೆ. ಇಲ್ಲಿಯವರೆಗೆ ನಮಗೆ ಬಂದದ್ದೆಲ್ಲ ಯಾರ ಯಾರದೋ ಅಟ್ಟದಿಂದ ಇಳಿದ ಕುರ್ಚಿಗಳು. ಒಂದಕ್ಕೆ ಬ್ರೇಕ್ ಹಿಡಿಯುವುದಿಲ್ಲ, ಇನ್ನೊಂದು ನೇರ ತಳ್ಳಿದರೂ ಎಡಗಡೆಯ ಚರಂಡಿಯನ್ನೇ ಹುಡುಕಿಕೊಂಡು ಹೋಗುತ್ತದೆ.

ಬಳಗದ ಕೆಲಸ ತಮಗೆ ಗೊತ್ತಿರಬಹುದು. ಕೈಕಾಲು ಮುರಿದವರಿಗೆ, ಹಾಸಿಗೆ ಹಿಡಿದವರಿಗೆ ಕುರ್ಚಿ, ಊರುಗೋಲು, ಮಂಚಗಳನ್ನು ಎರವಲು ಕೊಡುತ್ತೇವೆ. ಬಾಡಿಗೆ ಇಲ್ಲ. ಮನೆಮನೆಯಿಂದ ಹಳೇ ಪೇಪರು, ಖಾಲಿ ಬಾಟಲಿ ಎತ್ತಿ ಮಾರುತ್ತೇವೆ, ಮಾರುಕಟ್ಟೆಯ ಬಾಗಿಲಲ್ಲಿ ಡಬ್ಬಿ ಹಿಡಿದು ನಿಲ್ಲುತ್ತೇವೆ. ಡಬ್ಬಿ ಕಂಡರೆ ಜನಕ್ಕೆ ಇದ್ದಕ್ಕಿದ್ದಂತೆ ಆಕಾಶ ನೋಡುವ ಆಸೆ ಹುಟ್ಟುತ್ತದೆ. ಹಾಗಾಗಿ ತಮ್ಮಂಥವರು ಬಹಳ ಬೇಕು.

'ಪಿಟೀಲು ಅವರ ಹೆಸರಿನಲ್ಲಿ' ಎಂದು ತಾವು ಬರೆದಿದ್ದಿರಿ. ಕುರ್ಚಿಯ ಬೆನ್ನಿಗೆ ನಮ್ಮ ಪೇಂಟರ್ 'ದಿವಂಗತ ಪಿಟೀಲು ಅವರ ಸ್ಮರಣಾರ್ಥ' ಎಂದು ಬಿಳಿ ಬಣ್ಣದಲ್ಲಿ ಮುದ್ದಾಗಿ ಬರೆದಿದ್ದಾರೆ. ಅವರು ತಮಗೆ ಏನಾಗಬೇಕಿತ್ತೋ ತಿಳಿಯದು. ಹೆಸರು ನೋಡಿದರೆ ಸಂಗೀತಗಾರರಿರಬೇಕು. ಅವರ ಆತ್ಮಕ್ಕೆ ಶಾಂತಿ ಸಿಗಲಿ.

ನಾನು ಬಸ್ ಕಂಡಕ್ಟರಾಗಿದ್ದವನು. ಇಂಜಿನ್ನಿನ ಸದ್ದಿಗೆ ಕಿವಿ ಹೋಗಿದೆ, ಫೋನಿನ ಮಾತು ನನಗೆ ತಿಳಿಯುವುದಿಲ್ಲ. ಏನಿದ್ದರೂ ಕಾಗದ ಬರೆಯಿರಿ.

ಇತಿ,
ಕಾರ್ಯದರ್ಶಿ


ಮಾರ್ಚ್ ೧೪

ಕಾರ್ಯದರ್ಶಿಗಳೇ,

ನನ್ನ ಆತ್ಮ ಶಾಂತವಾಗಿಯೇ ಇದೆ. ಸದ್ಯಕ್ಕೆ ದೇಹದೊಳಗೇ ಇದೆ. ಪಿಟೀಲು ಎಂದರೆ ನಾನೇ.

ನಾನು ಸಂಗೀತಗಾರಳಲ್ಲ, ನರ್ಸ್. ಚಿಕ್ಕವಳಿದ್ದಾಗ ಅಳಲು ಶುರು ಮಾಡಿದರೆ ರಾಗ ಎಳೆಯುತ್ತ ಬೀದಿಗೆಲ್ಲ ಕೇಳಿಸುತ್ತಿದ್ದೆನಂತೆ. 'ಕುಯ್ಯೋಕೆ ಶುರು ಮಾಡಿದ್ಲು ನೋಡು ಪಿಟೀಲು' ಎನ್ನುತ್ತಿದ್ದ ಅಪ್ಪ. ಹೆಸರು ಅಂಟಿಕೊಂಡಿತು. ಮನೆಯವರಲ್ಲದೆ ಬೇರೆ ಯಾರೂ ನನ್ನನ್ನು ಹಾಗೆ ಕರೆದಿಲ್ಲ.

ಹೆಸರಿನಲ್ಲಿ ಎಂದರೆ ಹೆಸರಿನಲ್ಲಿ, ಅಷ್ಟೇ. ಆಸ್ಪತ್ರೆಯಲ್ಲಿ ನಾವು ಒಬ್ಬರನ್ನು ಸತ್ತರು ಎನ್ನುವ ಮುಂಚೆ ನಾಡಿಯನ್ನು ಮತ್ತೆ ಮತ್ತೆ ನೋಡುತ್ತಿದ್ದೆವು. ನೀವು ಒಂದು ಸಲವಾದರೂ ಕೇಳಬಹುದಿತ್ತು. ದಯವಿಟ್ಟು ಆ ಮಾತನ್ನು ಅಳಿಸಿಬಿಡಿ.

ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ಕಳಿಸಿದ್ದು. ಇಷ್ಟು ದೂರದಿಂದ ನಿಮ್ಮ ಊರಿಗೇ ಯಾಕೆ, ಅದೂ ಅಡ್ಡಹೆಸರಿನಲ್ಲಿ ಯಾಕೆ ಎಂದು ಕೇಳಬೇಡಿ. ಸುಮ್ಮನೆ.

ಬದುಕಿರುವ,
ಪಿಟೀಲು


ಮಾರ್ಚ್ ೨೫

ಸಿಸ್ಟರ್ ಅವರೇ,

ನಿಮ್ಮ ಕಾಗದ ಓದಿ ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪೇಂಟರನ್ನು ಹಿಡಿದು ಕೇಳಿದೆ. 'ಬೆನ್ನಿಗೆ ಹೆಸರು ಬರೆಸೋರೆಲ್ಲ ಹೋದವರೇ ಕಣಯ್ಯಾ. ಕೈ ತಾನಾಗೇ ದಿವಂಗತ ಅಂತ ಬರ್ಕೊಂಡು ಹೋಯ್ತು' ಎಂದ. ಅವನು ಹೇಳುವುದೂ ಸುಳ್ಳಲ್ಲ. ಬದುಕಿರುವವರೊಬ್ಬರು ತಮ್ಮ ಹೆಸರಿನಲ್ಲಿ ಗಾಲಿಕುರ್ಚಿ ಕೊಟ್ಟದ್ದು ನಮ್ಮಲ್ಲಿ ಇದೇ ಮೊದಲು.

ಅಳಿಸೋಣವೆಂದರೆ ಕುರ್ಚಿ ಶೆಡ್ಡಿನಲ್ಲಿಲ್ಲ. ಹಿಟ್ಟಿನ ಗಿರಣಿಯ ಹಿಂದಿನ ಓಣಿಯಲ್ಲಿ ಒಬ್ಬರು ಹೊಲಿಗೆ ಟೀಚರ್ ಇದ್ದಾರೆ. ಒಂಟಿ ಹೆಂಗಸು. ಬಚ್ಚಲಲ್ಲಿ ಜಾರಿ ತೊಡೆಯ ಮೂಳೆ ಮುರಿದುಕೊಂಡಿದ್ದಾರೆ. ಅವರಿಗೇ ಕೊಟ್ಟು ಬಂದೆ.

ಅಲ್ಲೊಂದು ಎಡವಟ್ಟು ನಡೆಯಿತು. ಕುರ್ಚಿಯ ಬೆನ್ನಿನ ಮೇಲೆ ಅವರ ಕಣ್ಣು ಬಿತ್ತು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಆಮೇಲೆ ನನ್ನ ಮುಖ ನೋಡಿ 'ಯಾವಾಗ?' ಎಂದರು. ಸಿಸ್ಟರ್, ನಾನು ಕಂಡಕ್ಟರು. ಪ್ರಯಾಣಿಕರು ಯಾವಾಗ ಎಂದು ಕೇಳಿದರೆ ಗೊತ್ತಿಲ್ಲ ಎನ್ನುವ ಅಭ್ಯಾಸವೇ ಇಲ್ಲ. 'ಹೋದ ವರ್ಷ' ಎಂದುಬಿಟ್ಟೆ. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮತ್ತೆ ಹೋದಾಗ ನೋಡಿದರೆ ಕುರ್ಚಿಯಲ್ಲಿ ಕೂತ ಗುರುತೇ ಇಲ್ಲ. ಮಂಚದ ಪಕ್ಕ, ಕೈಗೆಟಕುವ ಹಾಗೆ ನಿಲ್ಲಿಸಿಕೊಂಡಿದ್ದಾರೆ.

ನಿಮಗೆ ಪರಿಚಯದವರೇ? ಇರಲಿ, ಪೇಂಟರಿಗೆ ಏಪ್ರಿಲ್ ಎರಡನೇ ಭಾನುವಾರ ಬಿಡುವಂತೆ, ಅವತ್ತು ಅವನನ್ನು ಕರೆದುಕೊಂಡು ಹೋಗಿ ಅಕ್ಷರ ಕೆರೆಸಿ, ನಿಜ ಹೇಳಿ ಬರುತ್ತೇನೆ.

ನಾಚಿಕೆಯಿಂದ,
ಕಂಡಕ್ಟರ್


ಏಪ್ರಿಲ್ ೨

ಕಂಡಕ್ಟರೇ,

ಹೋಗಬೇಡಿ. ಪೇಂಟರನ್ನು ಕಳಿಸಬೇಡಿ. ಏನೂ ಹೇಳಬೇಡಿ. ಈ ಕಾಗದ ಆ ಭಾನುವಾರಕ್ಕೆ ಮೊದಲು ಸಿಕ್ಕದೇ ಹೋದರೆ ಎಂದು ಜೀವ ಬಾಯಿಗೆ ಬಂದಿದೆ.

ಅವಳು ನನ್ನ ಅಕ್ಕ.

ಸುಮ್ಮನೆ ಎಂದು ಬರೆದದ್ದು ಸುಳ್ಳು. ಎಂದಾದರೂ ಯಾರಾದರೂ ಆ ಕುರ್ಚಿಯನ್ನು ಬೀದಿಯಲ್ಲಿ ತಳ್ಳಿಕೊಂಡು ಹೋಗುವಾಗ ಅಕ್ಕನ ಕಣ್ಣಿಗೆ ಆ ಹೆಸರು ಬೀಳಲಿ, ನಾನು ಇದ್ದೇನೆ ಎಂದು ಗೊತ್ತಾಗಲಿ ಎನ್ನುವುದು ನನ್ನ ಲೆಕ್ಕವಾಗಿತ್ತು. ಬಿದ್ದದ್ದೇನೋ ಬಿತ್ತು.

ಅಪ್ಪ ಕೊನೆಗೆ ಉಸಿರಾಟದ ಯಂತ್ರದ ಮೇಲೆ ಇದ್ದ. ಅಪ್ಪ ಇದ್ದ ಎನ್ನುವುದೂ ತಪ್ಪು, ಉಸಿರು ಮಾತ್ರ ಇತ್ತು. ಅಂಥವರನ್ನು ದಿನವೂ ನೋಡುತ್ತಿದ್ದವಳು ನಾನು. ಸಾಕು, ತೆಗೆಯಿರಿ ಎಂದು ಡಾಕ್ಟರಿಗೆ ಹೇಳಿದೆ. ಅಕ್ಕ ಆಗ ಮನೆಗೆ ಹೋಗಿದ್ದಳು. ವಾಪಸು ಬಂದಾಗ ಎಲ್ಲ ಮುಗಿದಿತ್ತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಎಲ್ಲರೆದುರು ಅಂದಳು: 'ನನ್ನ ಪಾಲಿಗೆ ನೀನೂ ಸತ್ತೆ, ಹೋಗು.' ಆಮೇಲೆ ನಾನು ಬರೆದ ಕಾಗದಗಳು ಒಡೆಯದೆ ತಿರುಗಿ ಬಂದವು. ಬರೆಯುವುದನ್ನು ಬಿಟ್ಟೆ.

ಮೂಳೆ ಹೇಗಿದೆ? ಸ್ನಾನ ಮಾಡಿಸುವವರು ಯಾರು? ಬೆನ್ನು ಹುಣ್ಣಾಗದ ಹಾಗೆ ಮಗ್ಗುಲು ಬದಲಿಸಬೇಕೆಂದು ಯಾರಾದರೂ ಹೇಳಿದ್ದಾರೆಯೇ? ಗೋಡೆಯ ಕಡೆ ತಿರುಗಿ ಮಲಗಿದಾಗ ಅವಳು ಅತ್ತಳೇ?

ಪಿಟೀಲು


ಏಪ್ರಿಲ್ ೧೫

ಸಿಸ್ಟರ್,

ನಿಮ್ಮ ಕಾಗದ ಶನಿವಾರ ಸಿಕ್ಕಿತು. ನಾನು ಹೋಗಲಿಲ್ಲ, ಅಂದರೆ ಪೇಂಟರ್ ಇಲ್ಲದೆ ಹೋದೆ.

ಸ್ನಾನ ಮಾಡಿಸಲು ಪಕ್ಕದ ಮನೆಯ ಹೆಂಗಸು ಬರುತ್ತಾರೆ. ಮಗ್ಗುಲಿನ ವಿಷಯ ನಾನೇ ಹೇಳಿದೆ. 'ಕಂಡಕ್ಟ್ರಿಗೆ ಇದೆಲ್ಲ ಹೇಗೆ ಗೊತ್ತು?' ಎಂದು ಟೀಚರ್ ಹುಬ್ಬೇರಿಸಿ ಕೂಗಿ ಕೇಳಿದರು. ಯಾರೋ ಹೇಳಿದರು ಎಂದೆ.

ಈಗ ಟೀಚರ್ ನಮ್ಮ ಬಳಗಕ್ಕೆ ಬಟ್ಟೆಯ ಚೀಲ ಹೊಲಿದು ಕೊಡುತ್ತಿದ್ದಾರೆ. ಮಂಚದ ಮೇಲೆ ಕೂತು ಕೈಹೊಲಿಗೆಯಲ್ಲೇ. ಡಬ್ಬಿಗೆ ಕಾಸು ಹಾಕದವರೂ ಚೀಲ ಕೊಳ್ಳುತ್ತಾರೆ, ಕೈಗೆ ಏನೋ ಬಂತಲ್ಲ ಎಂದು. ವಾರಕ್ಕೊಮ್ಮೆ ತರಲು ಹೋಗುತ್ತೇನೆ. ಕೊನೆಯ ಚೀಲ ಮುಗಿಯುವವರೆಗೆ ಸ್ಟೂಲಿನ ಮೇಲೆ ಕೂತಿರುತ್ತೇನೆ. ನಾನು ಪೂರ್ತಿ ಕಿವುಡ ಎಂದು ಟೀಚರ್ ತಿಳಿದಿದ್ದಾರೆ. ನಿಜ ಏನೆಂದರೆ ಹೋಗಿರುವುದು ಎಡಗಿವಿ. ಬಲಗಿವಿ ಹತ್ತಿರದ ಮಾತಿಗೆ ಇನ್ನೂ ಗಟ್ಟಿಯಾಗಿದೆ.

ಅವರು ಕುರ್ಚಿಯ ಜೊತೆ ಮಾತಾಡುತ್ತಾರೆ, ಸಿಸ್ಟರ್.

'ಲೇ ಪಿಟೀಲು, ಕತ್ರಿ ಎಲ್ಲಿಟ್ಟೆ?' ಎಂದರು. ನಾನೇ ಬೆಚ್ಚಿಬಿದ್ದೆ. ಸ್ವಲ್ಪ ಹೊತ್ತಿಗೆ, 'ನನಗಿಂತ ಚಿಕ್ಕೋಳು, ಮುಂದೆ ಹೋಗೋಕೆ ಏನಿತ್ತು ನಿನಗೆ ಅರ್ಜೆಂಟು? ಎಲ್ಲದಕ್ಕೂ ಮುಂದೆ ನುಗ್ಗೋದೇ ಆಯ್ತು.' ಆಮೇಲೆ ಹಲ್ಲಿನಲ್ಲಿ ದಾರ ಕಡಿದು ಮೆಲ್ಲಗೆ ಕೇಳಿದರು: 'ಆ ಊರಲ್ಲೂ ಹೀಗೇ ವಟವಟ ಅಂತಿದ್ಯಾ? ಕೇಳೋರಿದ್ರಾ ಯಾರಾದ್ರೂ?'

ಬೇರೆಯವರಿಗೆ ಆಡಿದ ಮಾತನ್ನು ಕದ್ದು ಕೇಳುವುದು ನನಗೆ ಸರಿಕಾಣುತ್ತಿಲ್ಲ. ಆದರೆ ಮಾತು ನಿಮ್ಮದು, ತಲುಪಿಸುವುದು ನ್ಯಾಯ ಎನಿಸಿ ಬರೆದೆ.

ಕಂಡಕ್ಟರ್


ಏಪ್ರಿಲ್ ೨೬

ಕಂಡಕ್ಟರಣ್ಣ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ, ಮಡಿಕೆಯ ಜಾಗದಲ್ಲಿ ಹರಿದೇ ಹೋಯಿತು.

ಕೇಳುವವರಿದ್ದರೇ ಎಂದಳಲ್ಲ, ಇರಲಿಲ್ಲ. ಈಗಲೂ ಇಲ್ಲ. ನನ್ನದು ಒಂದು ಕೋಣೆಯ ಮನೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಕಿಟಕಿ, ಅಲ್ಲಿ ಸದಾ ಒಣಗುವ ಬಟ್ಟೆ. ಆಸ್ಪತ್ರೆಯಲ್ಲಿದ್ದಷ್ಟು ದಿನ ಕಂಡಕಂಡವರೆಲ್ಲ ಸಿಸ್ಟರ್ ಸಿಸ್ಟರ್ ಎಂದು ಕೂಗುತ್ತಿದ್ದರು. ಈಗ ಕೆಲವು ದಿನ ಸಂಜೆ ಹಾಲಿನ ಅಂಗಡಿಯವನಿಗೆ 'ಅರ್ಧ ಲೀಟರ್' ಎನ್ನುವಾಗ ಗಂಟಲು ಕಟ್ಟಿರುತ್ತದೆ. ಬೆಳಿಗ್ಗೆಯಿಂದ ಬಾಯಿ ಬಿಟ್ಟಿಲ್ಲ ಎಂದು ಆಗ ನೆನಪಾಗುತ್ತದೆ. ವಟವಟ ಎನ್ನುತ್ತಿದ್ದ ಪಿಟೀಲು ಇವಳೇ ಎಂದರೆ ಅಕ್ಕ ನಂಬಲಾರಳು.

ನೋಡಿ, ಬದುಕಿದ್ದಾಗ ಒಂದು ಕಾಗದ ಒಡೆಯಲಿಲ್ಲ. ಸತ್ತ ಮೇಲೆ ಕತ್ತರಿ ಎಲ್ಲಿ ಎಂದು ಕೇಳುತ್ತಿದ್ದಾಳೆ. ಗೊತ್ತಿದ್ದರೆ ಮುಂಚೆಯೇ ಸಾಯುತ್ತಿದ್ದೆ. ನಗಬೇಡಿ, ನಾನೂ ನಗುತ್ತಿಲ್ಲ.

ನಿಮ್ಮ ಬಲಗಿವಿಗೆ ಪುಣ್ಯ ಬರಲಿ. ಇನ್ನೇನು ಹೇಳಿದಳು? ಒಂದಕ್ಷರ ಬಿಡದೆ ಬರೆಯಿರಿ.

ಪಿಟೀಲು


ಮೇ ೨೦

ಸಿಸ್ಟರ್,

ತಡವಾಯಿತು. ಬಳಗದಿಂದ ಲಕ್ಕಿ ಡ್ರಾ ನಡೆಸಿದೆವು. ಮೊದಲ ಬಹುಮಾನ ಮಿಕ್ಸರ್, ಅದೂ ಅಂಗಡಿಯವರನ್ನು ಕಾಡಿ ಬೇಡಿ ತಂದದ್ದು. ಚೀಟಿ ಎತ್ತಿದರೆ ಬಂದದ್ದು ನಮ್ಮ ಪೇಂಟರ್ ಹೆಸರು! ಜನ ಮುಖ ಮುಖ ನೋಡಿಕೊಂಡರು. ಅವನು ಅಲ್ಲೇ ಮಿಕ್ಸರ್ ವಾಪಸು ಕೊಟ್ಟ, ಆದರೂ ಮುಂದಿನ ಚೀಟಿ ಯಾರೂ ಕೊಳ್ಳಲಿಲ್ಲ. ಸಿಕ್ಕಿದ ಹಣ ಶಾಮಿಯಾನದವನಿಗೆ ಸರಿಹೋಯಿತು.

ಟೀಚರ್ ಈಗ ಕೋಲು ಹಿಡಿದು ನಡೆಯುತ್ತಾರೆ. ಸಂತೋಷದ ವಿಷಯ, ಆದರೆ ನನಗೆ ಸಂಕಟಕ್ಕೆ ಬಂದಿದೆ. ಗಾರೆ ಕೆಲಸದವನೊಬ್ಬ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಿದ್ದಾನೆ. ಅವನ ಮನೆ ಇಳಿಜಾರಿನಲ್ಲಿದೆ, ಬ್ರೇಕ್ ಇಲ್ಲದ ಕುರ್ಚಿ ಕೊಟ್ಟರೆ ಅವನು ನೇರ ಮುಖ್ಯರಸ್ತೆಗೇ ಇಳಿಯುವುದು. ನಿಮ್ಮ ಕುರ್ಚಿ ವಾಪಸು ಕೊಡಿ ಎಂದು ಟೀಚರನ್ನು ಕೇಳಿದೆ. ಅದರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, 'ಇದೊಂದು ಬಿಟ್ಟು ಏನು ಬೇಕಾದ್ರೂ ಕೇಳಿ' ಎಂದರು.

ನಾನು ಎದ್ದು ಬಾಗಿಲವರೆಗೆ ಬಂದಿದ್ದೆ. ಹಿಂದಿನಿಂದ ಅವರ ಮಾತು ಕೇಳಿಸಿತು. ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಲೇ ಇಷ್ಟು ದಿನ ಕಳೆದೆ. 'ಯಂತ್ರ ತೆಗೆಸಿದ್ದಕ್ಕಲ್ಲ ಕಣೇ ನಾನು ಅಂದಿದ್ದು. ಅದು ನನಗೂ ಗೊತ್ತಿತ್ತು. ಅಪ್ಪನಿಗೆ ಚಳಿ ಅಂತ ಮನೆಯಿಂದ ಅವನ ಹೊದಿಕೆ ತರೋಕೆ ಹೋಗಿದ್ದೆ. ನಾನು ಬರೋವರೆಗೂ ಕಾಯಬಾರದಿತ್ತಾ? ಅಷ್ಟೇ ಅಲ್ವೇನೇ ನಾನು ಕೇಳಿದ್ದು?'

ಸಿಸ್ಟರ್, ಒಂದು ಸಲ ಬನ್ನಿ. ಬರಲಾಗದಿದ್ದರೆ ನಿಜ ಹೇಳಲು ನನಗೆ ಅಪ್ಪಣೆ ಕೊಡಿ.

ಕಂಡಕ್ಟರ್


ಮೇ ೩೧

ಕಂಡಕ್ಟರಣ್ಣ,

ಇದರ ಜೊತೆ ಇನ್ನೊಂದು ಕುರ್ಚಿಗೆ ಚೆಕ್ ಇಟ್ಟಿದ್ದೇನೆ. ಗಾರೆಯವನಿಗೆ ಒಳ್ಳೆಯ ಬ್ರೇಕ್ ಇರುವುದನ್ನೇ ಕೊಡಿಸಿ. ಬೆನ್ನಿಗೆ ಯಾರ ಹೆಸರೂ ಬೇಡ. ಅಕ್ಕನ ಕುರ್ಚಿ ಅಕ್ಕನ ಹತ್ತಿರವೇ ಇರಲಿ.

ನನಗೆ ಮೊಣಕಾಲು ನೋವು. ಅಷ್ಟು ದೂರದ ಪ್ರಯಾಣ ಈಗ ಆಗುವುದಿಲ್ಲ.

ಮೇಲಿನ ಸಾಲು ಬರೆದು ಕಾಗದ ಮುಚ್ಚಿದ್ದೆ, ಮತ್ತೆ ತೆರೆದೆ. ಹೊದಿಕೆಯ ವಿಷಯ ನನಗೆ ಗೊತ್ತಿರಲಿಲ್ಲ. ಊಟಕ್ಕೆ ಹೋಗಿದ್ದಾಳೆ ಎಂದುಕೊಂಡಿದ್ದೆ. ಇಷ್ಟು ವರ್ಷ ನಾನು ಮನಸ್ಸಿನಲ್ಲಿ ಅವಳ ಜೊತೆ ವಾದ ಮಾಡಿದ್ದೆಲ್ಲ ಯಂತ್ರದ ಬಗ್ಗೆ. ಶ್ವಾಸಕೋಶ ಹೀಗಿತ್ತು, ರಕ್ತದೊತ್ತಡ ಹಾಗಿತ್ತು ಎಂದು. ಅವಳು ಕೇಳಿದ್ದು ಅದನ್ನಲ್ಲವೇ ಅಲ್ಲ.

ಬಂದರೆ ಅವಳ ಮುಂದೆ ನಿಲ್ಲಬೇಕಾದವಳು ಬದುಕಿರುವ ನಾನು. ಅವಳು ಮಾತಾಡುತ್ತಿರುವುದು ಸತ್ತವಳ ಜೊತೆ. ಬಾಗಿಲು ಬಡಿದು ಇದನ್ನೂ ಕಳೆದುಕೊಳ್ಳಲು ನನಗೆ ಧೈರ್ಯವಿಲ್ಲ. ಇನ್ನೇನು ಹೇಳಿದಳು ಎಂದು ಬರೆಯಿರಿ.

ಪಿಟೀಲು


ಜೂನ್ ೧೨

ಸಿಸ್ಟರ್,

ಕುರ್ಚಿ ಕೊಂಡೆವು. ಗಾರೆಯವನ ಹೆಂಡತಿ ನಿಮಗೆ ವಂದನೆ ತಿಳಿಸಲು ಹೇಳಿದ್ದಾಳೆ.

ನಾನು ಬಾಯ್ತುಂಬ ಬಳಗ ಬಳಗ ಎಂದು ಬರೆಯುತ್ತೇನೆ. ನಿಜವಾಗಿ ಈಗ ಬಳಗವೆಂದರೆ ನಾನು ಮತ್ತು ಪೇಂಟರ್. ಒಬ್ಬೊಬ್ಬರಾಗಿ ಎಲ್ಲರೂ ಕಳಚಿಕೊಂಡರು. ಸಭೆ ಎಂದರೆ ಇಬ್ಬರೂ ಶೆಡ್ಡಿನಲ್ಲಿ ಮಂಚದ ಅಂಚಿಗೆ ಕೂತು ಟೀ ಕುಡಿಯುವುದು. ಮನೆಯಲ್ಲಿ ಮಗ, ಸೊಸೆ ಒಳ್ಳೆಯವರೇ. ಕೂಗಿ ಕೂಗಿ ಅವರಿಗೂ ಸುಸ್ತಾಗಿ, ಈಗ ತಟ್ಟೆ ಇಟ್ಟು ಕೈಸನ್ನೆ ಮಾಡುತ್ತಾರೆ. ಹತ್ತಿರ ಬಂದು ಬಲಗಡೆ ಕೂತು ಮಾತಾಡಿ ಎಂದು ಹೇಳಿ ಮಾಡಿಸಿಕೊಳ್ಳಲು ನನಗೆ ಮನಸ್ಸಿಲ್ಲ. ವಾರದಲ್ಲಿ ನಾನು ಕೇಳುವ ಮಾತೆಂದರೆ ಟೀಚರ್ ಮಾತು. ಅದೂ ನನಗೆ ಆಡಿದ್ದಲ್ಲ.

ಆ ಮಾತು ಬಿಟ್ಟುಕೊಡಲು ನನಗೂ ಇಷ್ಟವಿಲ್ಲ. ಆದರೆ ಆ ಹೆಂಗಸು ಇಲ್ಲದ ಸಾವಿಗೆ ಅಳುತ್ತಿದ್ದಾರೆ, ನಾವಿಬ್ಬರೂ ಕೂತು ಕೇಳುತ್ತಿದ್ದೇವೆ. ನೀವೊಂದು ತೀರ್ಮಾನ ಮಾಡುವವರೆಗೆ ನಾನು ಬರೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಕಂಡಕ್ಟರ್


ಜುಲೈ ೫

ಅಣ್ಣ, ನಿಮ್ಮ ಕಾಗದ ಬಂದಿಲ್ಲ. ಬರೆಯುವುದಿಲ್ಲ ಎಂದದ್ದು ತಮಾಷೆಗೆ ಎಂದುಕೊಂಡಿದ್ದೆ. ಅಕ್ಕ ಹೇಗಿದ್ದಾಳೆ? ಕೋಲಿನ ತುದಿಗೆ ರಬ್ಬರ್ ಇದೆಯೇ ನೋಡಿ.


ಜುಲೈ ೧೯

ಕಂಡಕ್ಟರಣ್ಣ, ಏನಾದರೂ ಬರೆಯಿರಿ. ಬೈದರೂ ಸರಿ. ಟಪಾಲಿನವನು ನನ್ನನ್ನು ಕಂಡರೆ ದೂರದಿಂದಲೇ ತಲೆಯಾಡಿಸಿ ಹೋಗುತ್ತಾನೆ.


ಜುಲೈ ೨೮

ಸಿಸ್ಟರ್,

ಹೇಳಿಬಿಟ್ಟೆ. ನಿಮ್ಮ ಅಪ್ಪಣೆ ಇಲ್ಲದೆ ಹೇಳಿದೆ.

ಹೋದ ವಾರ ಟೀಚರ್ ಕೋಲೂರಿಕೊಂಡು ಶೆಡ್ಡಿಗೇ ಬಂದರು. ಮೊದಲ ಸಲ ಅಷ್ಟು ದೂರ ನಡೆದದ್ದು, ಮುಖವೆಲ್ಲ ಬೆವರು. ಪ್ರತಿ ವರ್ಷ ಪಿಟೀಲಿನ ಹೆಸರಿನಲ್ಲಿ ಬಳಗಕ್ಕೆ ಚೀಲ ಹೊಲಿದು ಕೊಡುತ್ತೇನೆ ಎಂದರು. ಆಮೇಲೆ ಕುರ್ಚಿ ಕೊಟ್ಟ ದಾನಿಯ ವಿಳಾಸ ಕೇಳಿದರು. ಯಾಕೆಂದು ಕೇಳಿದೆ. ನನ್ನ ಕಿವಿಯ ಹತ್ತಿರ ಬಾಗಿ, ಅದೂ ಎಡಗಿವಿಗೆ, ಕೂಗಿ ಹೇಳಿದರು: 'ಅವಳು ಹೋಗುವಾಗ ಪಕ್ಕದಲ್ಲಿ ಯಾರಿದ್ರು ಅಂತ ಕೇಳಬೇಕು. ಯಾರಾದ್ರೂ ಕೈ ಹಿಡ್ಕೊಂಡಿದ್ರಾ ಅಂತ.'

ಹೋದ ವರ್ಷ ಎಂದ ಹಾಗೆ ಇನ್ನೊಂದು ಸುಳ್ಳು ಹೇಳಲು ಈ ಕಂಡಕ್ಟರಿಗೆ ಮನಸ್ಸಾಗಲಿಲ್ಲ. 'ಟೀಚರ್, ಅವರು ಹೋಗಿಲ್ಲ. ಬದುಕಿದಾರೆ. ತಪ್ಪು ನಮ್ಮದು' ಎಂದೆ. ಪೇಂಟರ್ ಬ್ರಷ್ ಕೆಳಗಿಟ್ಟು ಗೋಡೆಯ ಕಡೆ ತಿರುಗಿದ.

ಟೀಚರ್ ಮಂಚದ ಮೇಲೆ ಕೂತರು. ಮೊದಲು ಮುಖ ಅರಳಿತು, ಅದನ್ನು ನಾನು ಕಣ್ಣಾರೆ ಕಂಡೆ, ನೀವು ನಂಬಬೇಕು. ಆಮೇಲೆ ಕೇಳಿದರು: 'ನಾನು ಹೀಗೆ ಅಂದ್ಕೊಂಡಿರೋದು ಅವಳಿಗೆ ಗೊತ್ತಾ?'

'ಗೊತ್ತು.'

'ಯಾವಾಗಿಂದ?'

'ನೀವು ಮಂಚದ ಮೇಲೆ ಇದ್ದಾಗಿಂದ.'

ಮುಖ ಮತ್ತೆ ಮುಚ್ಚಿಕೊಂಡಿತು. ನಾನು ಕೂಗದೆ ಉತ್ತರ ಕೊಡುತ್ತಿರುವುದು, ಅವರು ಕೂಗದೆ ಕೇಳುತ್ತಿರುವುದು ಆಗ ಅವರಿಗೆ ಹೊಳೆಯಿತು. 'ಕಿವಿ ಕೇಳಿಸುತ್ತಾ ನಿಮಗೆ?'

'ಒಂದು ಕೇಳಿಸುತ್ತೆ ಟೀಚರ್.'

'ನಾನು ಕುರ್ಚಿ ಹತ್ರ ಆಡಿದ್ದೆಲ್ಲ ಅವಳಿಗೆ ಬರೆದ್ರಾ?'

'ಬರೆದೆ.'

'ಏನಂದ್ಲು?'

'ಇನ್ನೇನು ಹೇಳಿದಳು, ಇನ್ನೇನು ಹೇಳಿದಳು ಅಂತ ಕೇಳ್ತಿದ್ರು.'

ಕೋಲೂರಿ ಎದ್ದರು. 'ಇನ್ನೇನೂ ಇಲ್ಲ ಅಂತ ಬರೀರಿ. ನನ್ನದೆಲ್ಲ ಹೇಳಿ ಮುಗೀತು' ಎಂದರು. ಮನೆಯವರೆಗೆ ಬಿಟ್ಟುಬರುತ್ತೇನೆ ಎಂದರೂ ಒಪ್ಪಲಿಲ್ಲ. ಮಾರನೆಯ ದಿನ ಕುರ್ಚಿ ನಮ್ಮ ಶೆಡ್ಡಿನ ಮುಂದೆ ನಿಂತಿತ್ತು.

ಚೀಲಗಳನ್ನು ಈಗಲೂ ಹೊಲಿಯುತ್ತಾರೆ. ಕಿಟಕಿಯಿಂದ ಕೊಡುತ್ತಾರೆ. ನಾನು ಕಿಟಕಿಯ ಹತ್ತಿರ ನಿಂತು ಆಲಿಸಿದೆ, ಒಳಗೆ ಏನೂ ಸದ್ದಿಲ್ಲ. ನಿಮಗೆ ತಲುಪಿಸಲು ನನ್ನ ಹತ್ತಿರ ಇನ್ನು ಮಾತಿಲ್ಲ.

ಕಂಡಕ್ಟರ್


ಆಗಸ್ಟ್ ೬

ಕಂಡಕ್ಟರಣ್ಣ,

ನೀವು ಮಾಡಿದ್ದು ಸರಿ. ನಾನು ಮಾಡಬೇಕಾಗಿದ್ದ ಕೆಲಸ ನೀವು ಮಾಡಿದಿರಿ. ನಿಮ್ಮ ಮೇಲೆ ಒಂದು ದಿನ ಪೂರ್ತಿ ಕೋಪ ಮಾಡಿಕೊಂಡಿದ್ದೆ, ಅದು ಮುಗಿಯಿತು.

ಮುಖ ಅರಳಿತು ಎಂದು ಬರೆದಿದ್ದೀರಲ್ಲ, ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಆ ಗಳಿಗೆಯಲ್ಲಿ ನಾನು ಅಲ್ಲಿರಬೇಕಿತ್ತು. ಅಕ್ಕನ ಅಳುವನ್ನು ತರಿಸಿಕೊಂಡು ಓದಿ ಸುಖಪಟ್ಟೆ. ಅವಳು ಇದಕ್ಕೆ ಬಾಗಿಲು ಹಾಕಿಕೊಂಡರೆ ನಾನು ತಪ್ಪು ಎನ್ನಲಾರೆ.

ಅವಳದು ಎಲ್ಲ ಹೇಳಿ ಮುಗಿದಿರಬಹುದು. ನಾನು ಇನ್ನೂ ಒಂದು ಮಾತೂ ಹೇಳಿಲ್ಲ.

ಈ ತಿಂಗಳ ಮೂರನೇ ಬುಧವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತಿದ್ದೇನೆ. ಮೊಣಕಾಲು ನೋವು ನಿಜವೇ, ಆದರೂ ಬರುತ್ತಿದ್ದೇನೆ. ಅಷ್ಟರಲ್ಲಿ ಪೇಂಟರಿಗೆ ಹೇಳಿ ದಿವಂಗತ, ಸ್ಮರಣಾರ್ಥ ಎರಡನ್ನೂ ಕೆರೆಸಿಡಿ. ಕುರ್ಚಿಯನ್ನು ಒಂದೇ ಒಂದು ದಿನಕ್ಕೆ ನನಗೆ ಎರವಲು ಕೊಡಿ. ಯಾರಾದರೂ ಕಾಯುತ್ತಿದ್ದರೆ ಮಾರನೆಯ ದಿನ ಅವರಿಗೆ ಹೋಗಲಿ. ಗಿರಣಿಯ ಹಿಂದಿನ ಓಣಿಗೆ ನಾನೇ ತಳ್ಳಿಕೊಂಡು ಹೋಗುತ್ತೇನೆ. ಅದರ ಕೈ ಹಿಡಿದರೆ ನನಗೂ ನಡೆಯಲು ಆಸರೆಯಾಗುತ್ತದೆ.

ಅಕ್ಕ ಬಾಗಿಲು ತೆರೆಯುತ್ತಾಳೆ ಎಂದು ನಾನೇನೂ ನಂಬಿಕೊಂಡಿಲ್ಲ. ತೆರೆಯದಿದ್ದರೆ ಹೊರಗೆ ಆ ಕುರ್ಚಿಯಲ್ಲಿ ಕೂತು, ಹೇಳಬೇಕಾದದ್ದನ್ನೆಲ್ಲ ಬಾಗಿಲಿಗೇ ಹೇಳುತ್ತೇನೆ. ಅವಳ ಕಿವಿ ಎರಡೂ ಚೆನ್ನಾಗಿವೆ. ಓಣಿಯವರು ನಿಂತು ನೋಡಿದರೆ ನೋಡಲಿ. ನೀವು ಬಂದು ನನ್ನನ್ನು ಎಬ್ಬಿಸಬೇಡಿ. ಈ ಸಲ ಅವಳು ಬರುವವರೆಗೂ ಕಾಯುತ್ತೇನೆ.

ಪಿಟೀಲು